ಟೇಪು ಮೊದಲೋ, ಆಟ ಮೊದಲೋ?

ಆಟಗಾರನನ್ನು ಆರಿಸಲು ಕುಳಿತವರು ಮೊದಲು ಅಳತೆಯ ಟೇಪನ್ನು ಬಿಚ್ಚಬೇಕೋ ಅಥವಾ ಅಂಕಣದಲ್ಲಿ ಅವನ ಆಟವನ್ನು ನೋಡಬೇಕೋ ಎಂಬ ಪ್ರಶ್ನೆ ನಮ್ಮ ಕಾಲೇಜಿನಲ್ಲಿ ಈ ವರ್ಷ ಎರಡು ಸಲ ಎದ್ದಿತು. ಎರಡು ಸಲವೂ ಅದು ಚಹದ ಅಂಗಡಿಯ ಬೆಂಚಿನ ಮೇಲೆಯೇ ಮುಗಿದುಹೋಯಿತು. ಮುಗಿಯಿತು ಎನ್ನುವುದಕ್ಕಿಂತ, ಬಸ್ಸು ಬಂದದ್ದರಿಂದ ನಿಂತಿತು ಎಂದರೆ ಸರಿಯಾದೀತು. ಅರ್ಧಕ್ಕೆ ನಿಂತ ಆ ವಾದವನ್ನು ನನ್ನ ಮಟ್ಟಿಗೆ ಪೂರ್ತಿಮಾಡಬೇಕೆಂಬ ಆಸೆಯಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ. ನಾನು ಆಟಗಾರನಲ್ಲ. ಸುತ್ತಲಿನ ಊರುಗಳಲ್ಲಿ ಕಬಡ್ಡಿ ಪಂದ್ಯ ನಡೆದಾಗ ಮೇಜಿನ ಮುಂದೆ ಕುಳಿತು ಅಂಕ ಬರೆಯುವವನು. ಕೈಬರಹ ದುಂಡಗಿದೆ ಎಂಬ ಒಂದೇ ಅರ್ಹತೆಯಿಂದ ಹೈಸ್ಕೂಲಿನಲ್ಲಿ ಈ ಕೆಲಸ ನನ್ನ ಪಾಲಿಗೆ ಬಂತು, ಇಂದಿನವರೆಗೂ ಬಿಟ್ಟಿಲ್ಲ. ಆದಕಾರಣ ನಾನು ಹೇಳುವುದು ಆಡಿ ತಿಳಿದ ಮಾತಲ್ಲ, ಕುಳಿತು ನೋಡಿದ ಮಾತು.

ನಮ್ಮ ಕಡೆ ಕಬಡ್ಡಿ ಎಂದರೆ ಏನೆಂಬುದನ್ನು ಓದುಗ ಮಿತ್ರರಿಗೆ ಹೇಳಬೇಕಾಗಿಲ್ಲ. ಕಾನಹೊಸಹಳ್ಳಿಯಿಂದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳವರೆಗೆ ಶೇಂಗಾ ಕಿತ್ತು ಮುಗಿದ ಹೊಲವೋ, ಜಾತ್ರೆಯ ಬಯಲೋ, ಶಾಲೆಯ ಅಂಗಳವೋ, ಎಲ್ಲಿ ಸಮತಟ್ಟಾದ ನೆಲ ಸಿಕ್ಕಿತೋ ಅಲ್ಲಿ ಸುಣ್ಣದ ಗೆರೆ ಬೀಳುತ್ತದೆ. ಈ ಆಟಕ್ಕೆ ಬ್ಯಾಟು ಬೇಡ, ಬೂಟು ಬೇಡ, ಚೆಂಡೂ ಬೇಡ. ಬಡವರ ಮಕ್ಕಳು ಇದನ್ನು ತಮ್ಮದೆಂದು ಅಪ್ಪಿಕೊಂಡದ್ದಕ್ಕೆ ಇದೇ ಮುಖ್ಯ ಕಾರಣವೆಂದು ನನ್ನ ಎಣಿಕೆ. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದ ಮೇಲೆ ಇದೇ ಆಟಕ್ಕೆ ಹರಾಜು ಬಂತು, ಕೋಟಿಗಳ ಮಾತು ಬಂತು. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ತಂಡ ಗುಜರಾತನ್ನು 38-33ರಿಂದ ಸೋಲಿಸಿ ಪ್ರಶಸ್ತಿ ಗೆದ್ದ ರಾತ್ರಿ ನಮ್ಮ ಓಣಿಯಲ್ಲಿ ಮಲಗಿದವರು ಕಡಿಮೆ. ಮರುದಿನ ಬೆಳಗ್ಗೆ ಊರಿನ ಹುಡುಗರೆಲ್ಲ ತೊಡೆ ತಟ್ಟುತ್ತಲೇ ಹಲ್ಲು ಉಜ್ಜಿದರು. ಇದೆಲ್ಲ ಸಂತೋಷದ ಸಂಗತಿಯೇ. ಆದರೆ ಹರಾಜಿನ ಹಿಂದೆಯೇ ಅಳತೆಯೂ ಬಂತು. ಟೆಲಿವಿಷನ್ನಿನಲ್ಲಿ ಆಟಗಾರನ ಹೆಸರಿನ ಕೆಳಗೆ ಅವನ ಎತ್ತರ ಇಷ್ಟು, ತೂಕ ಇಷ್ಟು ಎಂದು ತೋರಿಸುತ್ತಾರಷ್ಟೆ. ಅದನ್ನು ನೋಡಿದ ನಮ್ಮ ಆಯ್ಕೆಗಾರರು, ಮೊದಲು ಎತ್ತರ ತೂಕ, ಅದರಲ್ಲಿ ಪಾಸಾದವನಿಗೆ ಮಾತ್ರ ಆಟ ಎಂಬ ಕ್ರಮವನ್ನು ಹಿಡಿದರು. ಇದರ ಮೇಲೆಯೇ ನನ್ನ ತಕರಾರು.

ನನ್ನ ಚಿಕ್ಕಪ್ಪನಿಗೆ ಒಬ್ಬ ಮಗನಿದ್ದಾನೆ. ಅವನು ಏಳನೆಯ ತರಗತಿಯಲ್ಲಿದ್ದಾಗ ಒಂದು ಕ್ರೀಡಾ ವಸತಿ ನಿಲಯಕ್ಕೆ ಹುಡುಗರನ್ನು ಆರಿಸುತ್ತಾರೆಂದು ತಿಳಿಯಿತು. ಎಲ್ಲಿ, ಯಾರು ಎಂಬುದು ಇಲ್ಲಿ ಬೇಡ. ಚಿಕ್ಕಪ್ಪ ಒಂದು ದಿನದ ಕೂಲಿ ಬಿಟ್ಟು, ಮೊದಲನೆಯ ಬಸ್ಸಿಗೆ ಅವನನ್ನು ಕರೆದುಕೊಂಡು ಹೋದರು. ಅರ್ಜಿ ತುಂಬುವುದಕ್ಕೆಂದು ನಾನೂ ಹೋದೆ. ಗೋಡೆಯ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದಿದ್ದರು. ಹುಡುಗರು ಸಾಲಾಗಿ ಬಂದು ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕು. ಗೆರೆ ಮುಟ್ಟಿದವರು ಬಲಕ್ಕೆ, ಮುಟ್ಟದವರು ಎಡಕ್ಕೆ. ಇವನಿಗೆ ಎರಡು ಬೆರಳು ಕಡಿಮೆಯಾಯಿತು. ಹಿಮ್ಮಡಿ ಎತ್ತಿದನೆಂದು ಗದರಿಸಿ ಮತ್ತೊಮ್ಮೆ ನಿಲ್ಲಿಸಿದರು. ಮತ್ತೆಯೂ ಎರಡು ಬೆರಳು ಕಡಿಮೆ. ಅಂಕಣವು ಇಪ್ಪತ್ತು ಹೆಜ್ಜೆ ಆಚೆಗೇ ಇತ್ತು. ಅದರೊಳಕ್ಕೆ ಅವನನ್ನು ಒಮ್ಮೆಯೂ ಬಿಡಲಿಲ್ಲ. “ಒಂದ್ಸಲ ಆಡ್ಸಿ ನೋಡ್ರಿ ಸಾರ್” ಎಂದು ಚಿಕ್ಕಪ್ಪ ಕೇಳಿಕೊಂಡರು. “ಬರೋ ವರ್ಷ ಬರ್ರಿ, ಬೆಳೀತಾನೆ” ಎಂಬ ಉತ್ತರ ಬಂತು. ಆ ಉತ್ತರದಲ್ಲಿ ದುರುದ್ದೇಶವೇನೂ ಇರಲಿಲ್ಲ. ಆದರೆ ಬರುವ ವರ್ಷ ಅವನು ಆ ತರಗತಿಯಲ್ಲಿರುವುದಿಲ್ಲ ಎಂಬುದನ್ನು ಯಾರೂ ಯೋಚಿಸಲಿಲ್ಲ. ಅಲ್ಲಿ ಕೈತಪ್ಪಿದ್ದು ಒಂದು ಆಟ ಮಾತ್ರವಲ್ಲ. ದಿನಕ್ಕೆ ಮೂರು ಹೊತ್ತಿನ ಊಟ, ಒಂದು ಹಾಸಿಗೆ, ಮುಂದೆಂದಾದರೂ ಕ್ರೀಡಾ ಕೋಟಾದಲ್ಲಿ ಒಂದು ಕೆಲಸ ಸಿಕ್ಕೀತೆಂಬ ಭರವಸೆ, ಇವೆಲ್ಲವೂ ಹೋದವು. ಪಟ್ಟಣದ ಮಕ್ಕಳಿಗೆ ಆಟದ ಆಯ್ಕೆ ಒಂದು ಗೌರವ. ನಮ್ಮಂಥ ಮನೆಗಳಲ್ಲಿ ಅದು ಸಂಸಾರದ ಲೆಕ್ಕದೊಳಗೆ ಬರುವ ವಿಷಯ.

ಇಷ್ಟು ಹೇಳಿದ ಮಾತ್ರಕ್ಕೆ ಅಳತೆಯೇ ವ್ಯರ್ಥವೆಂದು ನಾನು ಸಾಧಿಸಹೊರಟಿಲ್ಲ. ಅಳತೆಯ ಪಕ್ಷದವರ ಮಾತಿನಲ್ಲಿ ತಿರುಳಿದೆ. ನಮ್ಮ ದೈಹಿಕ ಶಿಕ್ಷಣದ ಗುರುಗಳು ಒಮ್ಮೆ ಕೇಳಿದರು: ಎಂಬತ್ತು ಕೆ.ಜಿ. ತೂಗುವ ರೈಡರ್ ಓಡಿ ಬಂದು ಎದೆಗೆ ಎದೆ ಕೊಟ್ಟಾಗ ಐವತ್ತೈದು ಕೆ.ಜಿ.ಯ ಹುಡುಗ ಏನು ಮಾಡಿಯಾನು? ಉದ್ದ ಕೈಯವನು ನಿಂತಲ್ಲಿಂದಲೇ ಮುಟ್ಟುತ್ತಾನೆ, ಗಿಡ್ಡ ಕೈಯವನು ಅದೇ ಅಂಕಕ್ಕಾಗಿ ಒಂದು ಹೆಜ್ಜೆ ಹೆಚ್ಚು ಒಳಗೆ ಹೋಗಬೇಕು; ಆ ಒಂದು ಹೆಜ್ಜೆಯಲ್ಲಿಯೇ ಅವನು ಸಿಕ್ಕಿಬೀಳುವುದಿಲ್ಲವೆ? ಇದಕ್ಕೆ ಹಾರಿಕೆಯ ಉತ್ತರ ಸಲ್ಲದು. ಮೈಬಲದ ಪ್ರಾಮುಖ್ಯವನ್ನು ಇಡೀ ದೇಶವೇ ಒಮ್ಮೆ ಕಂಡಿತು. 1990ರಲ್ಲಿ ಬೀಜಿಂಗಿನಲ್ಲಿ ಕಬಡ್ಡಿಯು ಏಷ್ಯನ್ ಕ್ರೀಡಾಕೂಟಕ್ಕೆ ಸೇರಿದಂದಿನಿಂದ ಚಿನ್ನವನ್ನು ಬೇರೆಯವರಿಗೆ ಬಿಟ್ಟುಕೊಡದ ಭಾರತದ ಪುರುಷರ ತಂಡ 2018ರಲ್ಲಿ ಜಕಾರ್ತದಲ್ಲಿ ಸೆಮಿಫೈನಲಿನಲ್ಲಿಯೇ ಇರಾನಿಗೆ ಸೋತಿತು. 27-18. ಅಂದು ನಮ್ಮ ರೈಡರುಗಳನ್ನು ಕಟ್ಟಿಹಾಕಿದ ಇರಾನಿನ ಹುಡುಗರ ತೋಳುಗಳನ್ನು ನೋಡಿದವರು ದೇಹದ ಅಳತೆ ಲೆಕ್ಕಕ್ಕಿಲ್ಲವೆಂದು ಹೇಳಲಾರರು. ಆದರೆ ಆ ತೋಳುಗಳು ಬಂದದ್ದು ಎಲ್ಲಿಂದ? ಆ ದೇಶದ ಕುಸ್ತಿಯ ಸಂಪ್ರದಾಯದಿಂದ. ಅವರ ಹೆಸರಾಂತ ಎಡಮೂಲೆಯ ಆಟಗಾರ ಫಜಲ್ ಅತ್ರಾಚಲಿಯೂ ಕುಸ್ತಿಯಿಂದ ಬಂದವನೇ. ಹಿಡಿತವೆಂಬುದು ಅಭ್ಯಾಸದಿಂದ ಬರುವಂಥದು. ತೋಳಿನ ಸುತ್ತಳತೆ ಅದರ ಹಿಂದೆ ಬಂದದ್ದು. ಟೇಪು ಹಿಡಿದವನಿಗೆ ಸುತ್ತಳತೆ ಕಾಣುತ್ತದೆ, ಅಭ್ಯಾಸ ಕಾಣುವುದಿಲ್ಲ.

ಇನ್ನು ಹಿಡಿಯುವವನ ಕೆಲಸವೇನೆಂಬುದನ್ನು ಸ್ವಲ್ಪ ನೋಡೋಣ. ರೈಡ್ ಮಾಡುವವನ ಕೆಲಸ ಎಲ್ಲರಿಗೂ ಕಾಣುತ್ತದೆ, ಅವನಿಗೆ ಚಪ್ಪಾಳೆ. ಎದುರಿನ ಏಳು ಜನರದು ಬೇರೆಯೇ ವಿದ್ಯೆ. ಎರಡು ಮೂಲೆಗಳಲ್ಲಿ ನಿಂತವರು ಕಾಲಿಗೆ ಬೀಳಬೇಕು, ಕವರಿನಲ್ಲಿರುವವರು ಅದೇ ಕ್ಷಣದಲ್ಲಿ ದಾರಿ ಮುಚ್ಚಬೇಕು. ಅಕ್ಕಪಕ್ಕದವರು ಕೈಗೆ ಕೈ ಹಿಡಿದು ಸರಪಳಿಯಾಗಿ ನಿಂತಾಗ ಒಬ್ಬನು ಅರ್ಧ ಹೆಜ್ಜೆ ಮೊದಲು ಹಾರಿದರೆ ಸಾಕು, ಸರಪಳಿ ಬಿಚ್ಚಿತು, ರೈಡರ್ ಮೂರು ಅಂಕದೊಂದಿಗೆ ಆಚೆ ಹೋದ. ಮೂವತ್ತು ಸೆಕೆಂಡಿನ ರೈಡಿನಲ್ಲಿ ಇಪ್ಪತ್ತೈದು ಸೆಕೆಂಡು ಸುಮ್ಮನೆ ನಿಲ್ಲುವ ತಾಳ್ಮೆ ಬೇಕು. ಪಕ್ಕದವನ ಭುಜ ಅಲುಗಿದ್ದನ್ನು ನೋಡದೆಯೇ ತಿಳಿಯಬೇಕು. ನಮ್ಮ ಕಾಲೇಜಿನ ತಂಡದಲ್ಲಿ ಎಡಮೂಲೆಗೆ ನಿಲ್ಲುವ ಹುಡುಗ ನನ್ನ ಕಿವಿಯವರೆಗೂ ಬರುವುದಿಲ್ಲ. ನಾನೇನೂ ಎತ್ತರದವನಲ್ಲವೆಂದು ನನ್ನನ್ನು ಬಲ್ಲವರೆಲ್ಲರಿಗೂ ಗೊತ್ತು. ಆದರೆ ರೈಡರಿನ ಹಿಂಗಾಲು ಬೋನಸ್ ಗೆರೆಯ ಮೇಲೆ ಏಳುವ ಗಳಿಗೆಯನ್ನು ಅವನಷ್ಟು ಚೆನ್ನಾಗಿ ಹಿಡಿಯುವವನನ್ನು ನಾನು ಅಂಕ ಬರೆದ ಪಂದ್ಯಗಳಲ್ಲಿ ಕಂಡಿಲ್ಲ. ಅವನು ನೆಲಕ್ಕೆ ಹತ್ತಿರವಿರುವುದೇ ಅವನಿಗೆ ಅನುಕೂಲ; ಉದ್ದನೆಯವನು ಬಾಗುವಷ್ಟರಲ್ಲಿ ಇವನು ಗಿಣ್ಣನ್ನು ಹಿಡಿದಿರುತ್ತಾನೆ. ಹಾಗೆಂದು ಇದೇ ಹುಡುಗನನ್ನು ಕವರಿನಲ್ಲಿ ನಿಲ್ಲಿಸಿದರೆ ಹಾರಿಹೋಗುವವನನ್ನು ತಡೆಯುವುದು ಅವನಿಂದಾಗದು. ಅಂದಮೇಲೆ ಏಳು ಜಾಗಗಳಿಗೂ ಗೋಡೆಯ ಮೇಲೆ ಒಂದೇ ಗೆರೆ ಎಳೆಯುವುದರಲ್ಲಿ ಏನರ್ಥ?

ಈ ವಾದ ನಮ್ಮ ಊರಿನದು ಮಾತ್ರವಲ್ಲ. ಅಮೆರಿಕದಲ್ಲಿ ಫುಟ್‌ಬಾಲ್ ಎಂದು ಕರೆಯುವ ಆಟವೊಂದಿದೆ. ನಮ್ಮ ಫುಟ್‌ಬಾಲಿಗೂ ಅದಕ್ಕೂ ಹೆಸರಿನ ನೆಂಟಸ್ತಿಕೆಯನ್ನು ಬಿಟ್ಟರೆ ಉಳಿದದ್ದು ಅಷ್ಟಕ್ಕಷ್ಟೆ. ಅಲ್ಲಿ ಚೆಂಡನ್ನು ಕೈಯಿಂದ ಎಸೆಯುತ್ತಾರೆ. ಎಸೆಯುವವನನ್ನು ಎದುರಾಳಿಗಳು ನುಗ್ಗಿ ಕೆಡವದಂತೆ ಐದು ಜನ ಅವನ ಮುಂದೆ ಗೋಡೆ ಕಟ್ಟಿ ನಿಲ್ಲುತ್ತಾರೆ. ಚೆಂಡು ಹಿಡಿದು ಓಡಿ ಹೆಸರು ಗಳಿಸುವುದು ಇವರ ಕೆಲಸವಲ್ಲ. ಐವರೂ ಒಂದೇ ಉಸಿರಿನಲ್ಲಿ ಅಲುಗಬೇಕು, ಅಷ್ಟೆ. ಮೊಬೈಲಿನಲ್ಲಿ ಮೊದಲ ಸಲ ಇದನ್ನು ನೋಡಿದಾಗ ನಮ್ಮ ಕವರಿನ ಜೋಡಿಯೇ ನನಗೆ ನೆನಪಾಯಿತು. ಆ ದೇಶದಲ್ಲಿ ಹೊಸ ಆಟಗಾರರನ್ನು ವರ್ಷಕ್ಕೊಮ್ಮೆ ಸರದಿಯ ಪ್ರಕಾರ ತಂಡಗಳು ಆರಿಸಿಕೊಳ್ಳುತ್ತವೆ. ಅದಕ್ಕೆ ಮೊದಲು ಇಂಡಿಯಾನಾಪೊಲಿಸ್ ನಗರದಲ್ಲಿ ಅವರನ್ನೆಲ್ಲ ಕೂಡಿಸಿ ಎತ್ತರ, ತೂಕ, ತೋಳಿನ ಉದ್ದ, ಅಂಗೈಯ ಅಗಲ ಎಲ್ಲವನ್ನೂ ಅಳೆಯುತ್ತಾರೆ. 1987ರಿಂದ ಈ ಕ್ರಮ ಅಲ್ಲಿಯೇ ನಡೆದುಬಂದಿದೆ. ಗೋಡೆಯ ಅಂಚಿನಲ್ಲಿ ನಿಲ್ಲುವವನಿಗೆ ತೋಳು 33 ಅಂಗುಲವಾದರೂ ಇರಬೇಕೆಂಬುದು ಅಲ್ಲಿಯವರ ವಾಡಿಕೆಯ ಲೆಕ್ಕ. 2025ರಲ್ಲಿ ವಿಲ್ ಕ್ಯಾಂಬೆಲ್ ಎಂಬಾತನ ತೋಳು ಆ ಅಳತೆಯಲ್ಲಿ ಅರ್ಧ ಅಂಗುಲಕ್ಕಿಂತಲೂ ಕಡಿಮೆ ಅಂತರದಿಂದ ಗಿಡ್ಡವಾಯಿತೆಂದು ದೊಡ್ಡ ಚರ್ಚೆಯೇ ನಡೆಯಿತು. ಕಡೆಗೆ ಅವನ ಆಟವನ್ನು ನೋಡಿದ್ದ ನ್ಯೂ ಇಂಗ್ಲೆಂಡ್ ತಂಡ ಎಲ್ಲರಲ್ಲಿ ನಾಲ್ಕನೆಯವನಾಗಿ ಅವನನ್ನು ಆರಿಸಿಕೊಂಡಿತು.

ಅದಕ್ಕಿಂತ ಸ್ವಾರಸ್ಯವಾದದ್ದು ಜೇಸನ್ ಕೆಲ್ಸಿಯ ಕಥೆ. ಅವನ ತೂಕ ಸುಮಾರು 127 ಕೆ.ಜಿ. ಅವರ ಲೆಕ್ಕದಲ್ಲಿ ಅದು ಸಣಕಲು! ಗೋಡೆಯಲ್ಲಿ ನಿಲ್ಲುವವರು ಸಾಧಾರಣವಾಗಿ 136 ಕೆ.ಜಿ.ಗೂ ಮೇಲಿರುತ್ತಾರೆ. 2011ರ ಆಯ್ಕೆಯಲ್ಲಿ ಅವನ ಸರದಿ ಬಂದದ್ದು 191ನೆಯದಾಗಿ. ಅನಂತರ ಫಿಲಡೆಲ್ಫಿಯ ತಂಡದ ಗೋಡೆಯ ನಡುವೆ ಹದಿಮೂರು ವರ್ಷ ನಿಂತು, ತನ್ನ ಜಾಗದಲ್ಲಿ ದೇಶಕ್ಕೇ ಮೊದಲಿಗನೆಂದು ಆರು ಸಲ ಆಯ್ಕೆಯಾಗಿ, 2024ರಲ್ಲಿ ನಿವೃತ್ತನಾದ. ಅವನ ಹಿಂದೆ 190 ಜನರನ್ನು ಅಳೆದವರು ಅಳತೆಯಲ್ಲಿ ತಪ್ಪಿದರೆಂದು ನಾನು ಹೇಳುವುದಿಲ್ಲ. ಅವರ ಟೇಪು ಸರಿಯಾಗಿಯೇ ಇತ್ತು.

ದೂರದ ಮಾತು ಸಾಕು. ತೋಳಿನ ಮಾತು ಬಂದಮೇಲೆ ಕನ್ನಡ ನಾಡಿನ ಒಂದು ತೋಳನ್ನು ನೆನೆಯದಿದ್ದರೆ ತಪ್ಪಾದೀತು. ಮೈಸೂರಿನ ಬಿ. ಎಸ್. ಚಂದ್ರಶೇಖರ್ ಅವರಿಗೆ ಎಳೆಯ ವಯಸ್ಸಿನಲ್ಲಿಯೇ ಪೋಲಿಯೊ ತಗಲಿ ಬಲತೋಳು ಸೊರಗಿಹೋಯಿತು. ಮೈದಾನದಲ್ಲಿ ಚೆಂಡನ್ನು ಹಿಂತಿರುಗಿಸಿ ಎಸೆಯಲು ಅವರು ಎಡಗೈಯನ್ನೇ ಬಳಸುತ್ತಿದ್ದರು. ಆದರೆ ಬೌಲ್ ಮಾಡುತ್ತಿದ್ದದ್ದು ಆ ಸೊರಗಿದ ಬಲಗೈಯಿಂದ. 1971ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ 38 ರನ್ನಿಗೆ ಆರು ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಮುಗಿಸಿದ್ದು ಅದೇ ಕೈ. ಆ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಜಯವೂ ಮೊದಲ ಸರಣಿ ಜಯವೂ ದೊರೆತದ್ದು ಅಂದು. 58 ಟೆಸ್ಟುಗಳಲ್ಲಿ 242 ವಿಕೆಟ್. ಅವರ ಓರಗೆಯ ಭದ್ರಾವತಿಯ ಜಿ. ಆರ್. ವಿಶ್ವನಾಥ್ ಕುಳ್ಳಗಿನ ಆಳು. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ಮೇಲೆ ತಮ್ಮ ಮೊದಲ ಟೆಸ್ಟಿನಲ್ಲಿ ಸೊನ್ನೆಗೆ ಔಟಾಗಿ, ಎರಡನೆಯ ಸರದಿಯಲ್ಲಿ 137 ಹೊಡೆದರು. ಗೋಡೆಯ ಮೇಲಿನ ಆ ಸೀಮೆಸುಣ್ಣದ ಗೆರೆಯ ಮುಂದೆ ಇವರಿಬ್ಬರೂ ಎಡಕ್ಕೆ ಹೋಗಬೇಕಾದವರೇ. ಇವರು ಅಪವಾದಗಳು, ಅಪವಾದದಿಂದ ನಿಯಮ ಮುರಿಯುವುದಿಲ್ಲ ಎಂದು ಕೆಲವರು ಹೇಳುವರು. ಒಪ್ಪೋಣ. ಆದರೆ ಅಪವಾದಗಳನ್ನು ಒಳಗೆ ಬಿಡುವ ಬಾಗಿಲೊಂದು ಅಂದು ತೆರೆದಿತ್ತು ಎಂಬುದನ್ನಾದರೂ ಅವರು ಒಪ್ಪಬೇಕು.

ಇಷ್ಟರವರೆಗೆ ಹೇಳಿದ್ದು ಬಲ್ಲವರೆಲ್ಲ ಹೇಳುವ ಮಾತೇ. ನನಗೆ ಮುಖ್ಯವಾಗಿ ಕಾಣುವುದು ಬೇರೆಯೊಂದು. ಇಪ್ಪತ್ತೆರಡು ವರ್ಷದ ಅಮೆರಿಕನ್ನನ್ನು ಅಳೆಯುವುದಕ್ಕೂ ಹನ್ನೆರಡು ವರ್ಷದ ನಮ್ಮ ಹುಡುಗನನ್ನು ಅಳೆಯುವುದಕ್ಕೂ ಬಹಳ ವ್ಯತ್ಯಾಸವುಂಟು. ಅವನು ಬೆಳೆದು ಮುಗಿದವನು. ಇವನು ಇನ್ನೂ ಬೆಳೆಯಬೇಕಾದವನು. ಒಂದೇ ವಯಸ್ಸಿನ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಹನ್ನೆರಡಕ್ಕೇ ಮೀಸೆ ಚಿಗುರುತ್ತದೆ, ಇನ್ನೊಬ್ಬನು ಹದಿನಾರಕ್ಕೆ ಒಮ್ಮೆಲೆ ಅರ್ಧ ಅಡಿ ಏರುತ್ತಾನೆ. ಹನ್ನೆರಡರಲ್ಲಿ ಅಳೆದರೆ ಮೊದಲು ಬೆಳೆದವನು ಸಿಕ್ಕುತ್ತಾನೆಯೇ ಹೊರತು ಹೆಚ್ಚು ಬೆಳೆಯುವವನೇ ಸಿಕ್ಕುತ್ತಾನೆಂಬ ಭರವಸೆಯೇನು? ವಯಸ್ಸಿನ ಲೆಕ್ಕವಾದರೂ ನೆಟ್ಟಗಿದೆಯೇ ಎಂದರೆ, ನಮ್ಮ ಹಳ್ಳಿಗಳಲ್ಲಿ ಅದೂ ಇಲ್ಲ. ಶಾಲೆಗೆ ಸೇರಿಸುವ ದಿನ ತಾಯಿತಂದೆಗಳಿಗೆ ತಾರೀಖು ನೆನಪಿರದಿದ್ದರೆ ಮೇಷ್ಟ್ರು ಜೂನ್ 1 ಎಂದು ಬರೆದುಬಿಡುವುದು ಹಿಂದಿನಿಂದ ಬಂದ ಪದ್ಧತಿ. ನನ್ನ ತಂದೆಯೂ ಜೂನ್ 1, ಚಿಕ್ಕಪ್ಪನೂ ಜೂನ್ 1. ಅಜ್ಜಿಯನ್ನು ಕೇಳಿದರೆ ಒಬ್ಬನು ಹುಟ್ಟಿದ್ದು ಜೋಳ ಕೊಯ್ಯುವ ಕಾಲ, ಇನ್ನೊಬ್ಬನದು ಮಳೆಗಾಲ ಎನ್ನುತ್ತಾಳೆ. ಈಚೆಗೆ ಆಸ್ಪತ್ರೆಯಲ್ಲಿ ಹೆರಿಗೆಯಾಗುವುದರಿಂದ ಇದು ಕಡಿಮೆಯಾಗಿದೆ ಎಂಬುದು ಸಂತೋಷ.

ಇದಕ್ಕೂ ಮಿಗಿಲಾದದ್ದು ಊಟ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲವೆಂದು ಕಂಡುಬಂತು. ಇದು ಇಡೀ ರಾಜ್ಯದ ಲೆಕ್ಕ, ಹೊಟ್ಟೆ ತುಂಬಿದ ಊರುಗಳನ್ನೂ ಸೇರಿಸಿಕೊಂಡು. ಮಳೆಯನ್ನೇ ನಂಬಿದ ನಮ್ಮ ಸೀಮೆಯಲ್ಲಿ, ಸುಗ್ಗಿ ಕೈಕೊಟ್ಟ ವರ್ಷ ಸಂಸಾರ ಸಮೇತ ಬೆಂಗಳೂರಿಗೆ ಗಾರೆ ಕೆಲಸಕ್ಕೋ ಕಾಫಿ ಸೀಮೆಗೋ ಗುಳೆ ಹೋಗುವ ಮನೆಗಳಲ್ಲಿ, ಮಕ್ಕಳ ಎತ್ತರ ಯಾವುದನ್ನು ಹೇಳುತ್ತದೆ? ಆ ಮಗು ಹೊಟ್ಟೆಯಲ್ಲಿದ್ದಾಗ ತಾಯಿ ಏನು ತಿಂದಳು, ಎರಡನೆಯ ವರ್ಷದಲ್ಲಿ ಹಾಲು ಸಿಕ್ಕಿತೋ ಇಲ್ಲವೋ ಎಂಬುದನ್ನು ಹೇಳುತ್ತದೆ. ಆಯ್ಕೆಗಾರರು ಹುಡುಗನನ್ನು ಅಳೆಯುತ್ತಿದ್ದೇವೆಂದು ತಿಳಿದಿರುತ್ತಾರೆ. ಆದರೆ ಅವರ ಟೇಪು ಆ ಮನೆಯ ಅಡುಗೆಯನ್ನು ಅಳೆಯುತ್ತಿರುತ್ತದೆ. ಹೀಗೆ ಅಳೆದು, ಚೆನ್ನಾಗಿ ಉಂಡು ಬೆಳೆದವನನ್ನು ಆರಿಸಿ, ಅವನಿಗೆ ವಸತಿ ನಿಲಯದ ಊಟವನ್ನೂ ಕೊಡುತ್ತಾರೆ. ಆ ಊಟ ಸಿಕ್ಕಿದ್ದರೆ ಎರಡು ಬೆರಳು ಬೆಳೆಯಬಹುದಾಗಿದ್ದ ಹುಡುಗ ಬಸ್ಸು ಹತ್ತಿ ಊರಿಗೆ ಬರುತ್ತಾನೆ.

ನನ್ನ ತಂದೆ ಓದಿದವರಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಆದರೆ ಎತ್ತಿನ ವ್ಯಾಪಾರದಲ್ಲಿ ಸುತ್ತ ಹತ್ತು ಊರಿನವರು ಅವರನ್ನು ಜೊತೆಗೆ ಕರೆಯುತ್ತಾರೆ. ಕುರುವತ್ತಿಯ ಜಾತ್ರೆಗೆ ಒಮ್ಮೆ ನಾನೂ ಹೋಗಿದ್ದೆ. ಅವರೂ ಅಳತೆ ನೋಡದೆ ಇರಲಿಲ್ಲ. ಬಾಯಿ ತೆರೆಸಿ ಹಲ್ಲು ಎಣಿಸಿದರು, ಸುಳಿ ಎಲ್ಲಿದೆಯೆಂದು ನೋಡಿದರು, ಗೊರಸು ಒತ್ತಿದರು, ಗೇಣು ಹಾಕಿ ಬೆನ್ನು ಅಳೆದರು. ಟವೆಲ್ಲಿನ ಕೆಳಗೆ ಬೆರಳು ಹಿಡಿದು ರೇಟೂ ಮಾತಾಯಿತು. ಆದರೆ ದುಡ್ಡು ಎಣಿಸುವ ಮೊದಲು, ಜೊತೆಗೆ ಬಂದವನನ್ನು ತಡೆದು ನಿಲ್ಲಿಸಿದರು. “ಹೂಡಿ ನೋಡ್ದೆ ಎಣಿಸ್ಬ್ಯಾಡಪ್ಪ” ಎಂದರು. ಜಾತ್ರೆಯ ಬಯಲಿನಲ್ಲಿಯೇ ಗಾಡಿಗೆ ಕಟ್ಟಿ ನೂರು ಮಾರು ನಡೆಸಿದ ಮೇಲೆಯೇ ವ್ಯಾಪಾರ ಮುಗಿದದ್ದು. ಎತ್ತಿಗೆ ಸಿಕ್ಕುವ ಆ ನೂರು ಮಾರಿನ ಅವಕಾಶ ನಮ್ಮ ಹುಡುಗರಿಗೆ ಸಿಕ್ಕುವುದಿಲ್ಲವಲ್ಲ ಎಂದು ಆಮೇಲೆ ನನಗೆ ಅನೇಕ ಸಲ ಅನ್ನಿಸಿದೆ.

ದೇಹವನ್ನು ನೋಡಿಯೇ ಆರಿಸಿದ ದೊಡ್ಡ ಪ್ರಯೋಗವೊಂದು ನಮ್ಮ ರಾಜ್ಯದಲ್ಲಿಯೇ ನಡೆದಿದೆ. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಪ್ರದೇಶ ಕ್ರೀಡಾ ಯೋಜನೆಯ ಕೆಳಗೆ ಉತ್ತರ ಕನ್ನಡದ ಸಿದ್ದಿ ಜನಾಂಗದ ಹುಡುಗ ಹುಡುಗಿಯರನ್ನು ಕರೆತಂದು ಓಟ ಜಿಗಿತಗಳಲ್ಲಿ ತರಬೇತಿ ಕೊಟ್ಟಿತು. ಅವರ ಪೂರ್ವಿಕರು ಆಫ್ರಿಕದವರು, ಆದ್ದರಿಂದ ಮೈಕಟ್ಟು ಓಟಕ್ಕೆ ಹೇಳಿಸಿದ್ದು ಎಂಬುದು ಅದರ ಹಿಂದಿನ ನಂಬಿಕೆ. ಅವರಲ್ಲಿ ಕೆಲವರು ರಾಷ್ಟ್ರಮಟ್ಟದಲ್ಲಿ ಪದಕಗಳನ್ನೂ ಗೆದ್ದರು. ಆದಕಾರಣ ಮೈಕಟ್ಟಿನ ಲೆಕ್ಕ ಪೂರಾ ಸುಳ್ಳೆನ್ನಲಾರೆ. ಆದರೆ 1990ರ ದಶಕದ ಆರಂಭದಲ್ಲಿ ಆ ಯೋಜನೆ ನಿಂತಿತು, ಅನೇಕರು ಅರ್ಧಕ್ಕೆ ಕಾಡಂಚಿನ ಊರುಗಳಿಗೆ ಮರಳಿದರು. ಅವರ ಕಾಲುಗಳ ಉದ್ದ ಅಂದೂ ಅಷ್ಟೇ, ಮರುದಿನವೂ ಅಷ್ಟೇ. ಇಲ್ಲದೆ ಹೋದದ್ದು ಕಲಿಸುವವರು. ಇನ್ನೊಂದು ತುದಿಯ ಉದಾಹರಣೆ ಪಂಜಾಬಿನ ಸತ್ನಾಮ್ ಸಿಂಗ್. ಏಳಡಿ ಎರಡಂಗುಲದ ಆಳು. 2015ರಲ್ಲಿ ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲಿನ ಡಲಾಸ್ ತಂಡ ಅವನನ್ನು ಆರಿಸಿತು. ಆ ಗೌರವ ಪಡೆದ ಮೊದಲ ಭಾರತೀಯ. ಆದರೆ ಆ ಲೀಗಿನ ಒಂದು ಪಂದ್ಯವನ್ನೂ ಅವನು ಆಡಲಿಲ್ಲ.

ಅಳತೆಯೇ ಆಟದ ಕಾನೂನಾಗಿರುವ ಕಡೆ ನನ್ನ ತಕರಾರಿಲ್ಲ. ಅಂತರರಾಷ್ಟ್ರೀಯ ಕಬಡ್ಡಿಯಲ್ಲಿ ಪುರುಷರಿಗೆ 85 ಕೆ.ಜಿ.ಯ ಮಿತಿಯಿದೆ, ಅದು ಸಣ್ಣವರನ್ನು ಕಾಪಾಡುವುದಕ್ಕೆ ಇರುವ ನಿಯಮ. ಕುಸ್ತಿಯಲ್ಲಿಯೂ ಹಾಗೆಯೇ. 2024ರಲ್ಲಿ ಪ್ಯಾರಿಸ್ಸಿನಲ್ಲಿ ವಿನೇಶ್ ಫೋಗಟ್ ಅವರು ನೂರು ಗ್ರಾಂ ಹೆಚ್ಚಾದರೆಂದು ಚಿನ್ನದ ಕುಸ್ತಿಯನ್ನೇ ಆಡದೆ ಹಿಂದಿರುಗಬೇಕಾದಾಗ ಎಲ್ಲರಂತೆ ನನಗೂ ಊಟ ಸೇರಲಿಲ್ಲ. ಆದರೂ ಅದು ಎಲ್ಲರಿಗೂ ಮೊದಲೇ ತಿಳಿದಿದ್ದ ಕಟ್ಟಳೆ. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ 168 ಸೆಂ.ಮೀ. ಎತ್ತರ, 86 ಸೆಂ.ಮೀ. ಎದೆಯ ವಿಷಯವನ್ನು ನನ್ನ ಸಹಪಾಠಿಗಳಿಗೆ ನಾನು ಹೇಳಬೇಕೆ? ನಮ್ಮಲ್ಲಿ ಅರ್ಧ ಜನ ಬೆಳಗ್ಗೆ ಐದಕ್ಕೆ ಎದ್ದು ಹೆದ್ದಾರಿಯ ಪಕ್ಕದಲ್ಲಿ ಓಡುತ್ತಿರುವುದು ಅದಕ್ಕಾಗಿಯೇ. ಅಲ್ಲಿ ಅರ್ಜಿ ಹಾಕುವವರ ಸಂಖ್ಯೆ ಲೆಕ್ಕವಿಲ್ಲದಷ್ಟು, ಒಂದು ಜರಡಿ ಬೇಕು. ಅಷ್ಟಾದರೂ 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಿ ತೋರಿಸುವ ಅವಕಾಶವೂ ಉಂಟು. ಮೂವತ್ತೋ ನಲವತ್ತೋ ಹುಡುಗರು ಬಂದ ಕಬಡ್ಡಿಯ ಆಯ್ಕೆಗೆ ಯಾವ ಜರಡಿ ಬೇಕು? ಏಳೇಳರ ತಂಡ ಮಾಡಿ ಹತ್ತು ಹತ್ತು ನಿಮಿಷ ಆಡಿಸಿದರೆ ಮಧ್ಯಾಹ್ನದ ಊಟದೊಳಗೆ ಎಲ್ಲರ ಆಟವೂ ಕಾಣುತ್ತದೆ.

ನಮ್ಮ ಸಹಪಾಠಿನಿಯರ ವಿಷಯದಲ್ಲಿ ಒಂದು ಮಾತು ಸೇರಿಸಬೇಕು. ಹೆಣ್ಣುಮಕ್ಕಳನ್ನು ಎಲ್ಲರ ಎದುರಿಗೆ ತೂಕದ ಮಷೀನಿನ ಮೇಲೆ ನಿಲ್ಲಿಸಿ ಅಂಕಿಯನ್ನು ಕೂಗಿ ಹೇಳುವುದನ್ನು ನಾನು ಎರಡು ಕಡೆ ಕಂಡಿದ್ದೇನೆ. ಹಾಗೆ ಕೂಗಿಸಿಕೊಂಡವರಲ್ಲಿ ಕೆಲವರು ಮರುವರ್ಷ ಬರಲಿಲ್ಲ. ಆ ಅಂಕಿಯನ್ನು ಕಾಗದದ ಮೇಲೆ ಬರೆದುಕೊಂಡರೆ ಯಾರಿಗೆ ನಷ್ಟ?

ನಾನು ಕೇಳುವುದು ದೊಡ್ಡದೇನಲ್ಲ. ಬರುವ ವರ್ಷ ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಗಳಿಗೆ ನಮ್ಮ ತಂಡವನ್ನು ಆರಿಸುವಾಗ ಮೊದಲೆರಡು ದಿನ ಬರೇ ಆಟವಾಗಲಿ, ಮೂರನೆಯ ದಿನ ತಕ್ಕಡಿ ಬರಲಿ. ಆಗ ಅಳತೆ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ: ಯಾರನ್ನು ಮೂಲೆಗೆ ನಿಲ್ಲಿಸಬೇಕು, ಯಾರನ್ನು ಕವರಿಗೆ, ಯಾರಿಗೆ ದಿನಕ್ಕೆರಡು ಮೊಟ್ಟೆ ಹೆಚ್ಚು ಬೇಕು ಎಂಬುದನ್ನು ಅದರಿಂದ ತಿಳಿಯಬಹುದು. ತಾಲ್ಲೂಕು ಮಟ್ಟದಲ್ಲಿ ಚಿಕ್ಕ ಮಕ್ಕಳನ್ನು ಆರಿಸುವವರಲ್ಲಿಯೂ ಇದೇ ವಿನಂತಿ. ಹತ್ತು ನಿಮಿಷ ಆಡಿಸಿ, ಆಮೇಲೆ ಬೇಡವೆನ್ನಿ. ಹಾಗೆ ಬೇಡವೆನಿಸಿಕೊಂಡ ಹುಡುಗನಿಗೆ ತಾನು ಇನ್ನೊಬ್ಬನಿಗೆ ಸೋತೆನೆಂದು ತಿಳಿಯುತ್ತದೆ. ಅದನ್ನು ತಿದ್ದಿಕೊಳ್ಳುವ ದಾರಿಯೂ ಅವನಿಗೆ ಕಾಣುತ್ತದೆ. ಗೋಡೆಗೆ ಸೋತವನು ಮನೆಗೆ ಬಂದು ಏನು ಅಭ್ಯಾಸ ಮಾಡಬೇಕು?

ಆಟವನ್ನು ಕಣ್ಣಿನಿಂದ ನೋಡಿ ಆರಿಸಿದರೆ ಪಕ್ಷಪಾತಕ್ಕೆ ಎಡೆಯಾಗುತ್ತದೆ, ಟೇಪು ಯಾರ ನೆಂಟನೂ ಅಲ್ಲ ಎಂದು ನನ್ನ ಗೆಳೆಯನೊಬ್ಬ ಚಹದ ಅಂಗಡಿಯಲ್ಲಿ ವಾದಿಸಿದ್ದ. ಬಸ್ಸು ಬಂದದ್ದು ಆ ಮಾತಿಗೆ. ಅವನ ಮಾತು ತಳ್ಳಿಹಾಕುವಂಥದಲ್ಲ, ಆಯ್ಕೆಯ ಮೇಜಿನ ಸುತ್ತ ಯಾರ ಯಾರ ಮಾವಂದಿರು ನಿಂತಿರುತ್ತಾರೆಂದು ನಾವೆಲ್ಲ ನೋಡಿದ್ದೇವೆ. ಅದಕ್ಕೆ ನನ್ನ ಉತ್ತರ ಇಷ್ಟೆ: ಆಟವನ್ನೂ ಅಳೆಯಬಹುದು, ಬರೆದಿಡುವವರು ಬೇಕು. ನಾವು ಬರೆಯುವ ಅಂಕಪಟ್ಟಿಯಲ್ಲಿ ಹಿಡಿತದ ಅಂಕ ಒಬ್ಬನ ಹೆಸರಿಗೆ ಬೀಳುತ್ತದೆ. ಅವನ ಕೈಹಿಡಿದು ಸರಪಳಿಯಾಗಿ ನಿಂತವನಿಗೆ, ದಾರಿ ಮುಚ್ಚಿದವನಿಗೆ ಜಾಗವೇ ಇಲ್ಲ. ಎಷ್ಟು ಸಲ ಹಿಡಿದ, ಎಷ್ಟು ಸಲ ಹಿಡಿಯಲು ಹೋಗಿ ಬಿಟ್ಟ, ಎಷ್ಟು ಸಲ ಪಕ್ಕದವನಿಗೆ ಆಸರೆಯಾದ ಎಂದು ನಾಲ್ಕು ಪಂದ್ಯಗಳಲ್ಲಿ ಬರೆದಿಟ್ಟರೆ ಯಾವ ಮಾವನೂ ಅದನ್ನು ಅಳಿಸಲಾರ. ಪರೀಕ್ಷೆ ಮುಗಿದ ಮೇಲೆ ನಾನು ಈ ಕಾಲೇಜಿನಲ್ಲಿರುವುದಿಲ್ಲ. ಅಂಕದ ಪುಸ್ತಕವನ್ನು ಎರಡನೆಯ ವರ್ಷದ ಬಿ.ಎ.ಯ ಮಿತ್ರನೊಬ್ಬನಿಗೆ ಒಪ್ಪಿಸಿದ್ದೇನೆ. ಉಳಿದ ಹಾಳೆಗಳಿಗೆಲ್ಲ ಬಲಗಡೆ ಮೂರು ಗೆರೆ ಹೆಚ್ಚಾಗಿ ಎಳೆದು ಕೊಟ್ಟಿದ್ದೇನೆ.